ಸಾಕುಪ್ರಾಣಿ ಕ್ಲಿನಿಕ್‌ನ ಸಹಾಯಕರಿಗೆ ಬಡ್ತಿ ಎಲ್ಲಿದೆ?

ನಮ್ಮ ಕೆಲಸದಲ್ಲಿ ಹೊಸಬರಿಗೂ ಹಳಬರಿಗೂ ಇರುವ ವ್ಯತ್ಯಾಸ ನಾಯಿಗೆ ಗೊತ್ತಾಗುತ್ತದೆ, ಸಂಬಳದ ಪಟ್ಟಿಗೆ ಗೊತ್ತಾಗುವುದಿಲ್ಲ. ವೈಟ್‌ಫೀಲ್ಡ್ ಕಡೆಯ ಖಾಸಗಿ ಸಾಕುಪ್ರಾಣಿ ಕ್ಲಿನಿಕ್‌ಗಳಲ್ಲಿ ಸಹಾಯಕಿಯಾಗಿ ದುಡಿಯುವ ನನ್ನ ದೂರು ಇಷ್ಟೇ: ಇಲ್ಲಿ ಎಷ್ಟು ಬೇಕಾದರೂ ಕಲಿಯಬಹುದು, ಮೇಲೇರಲು ಮಾತ್ರ ದಾರಿಯಿಲ್ಲ.

ನಾನು ಮಾಲೂರಿನ ಕಡೆಯವಳು. ಬೆಳಿಗ್ಗೆ ಬಂಗಾರಪೇಟೆ ರೈಲಿನಲ್ಲಿ ಬಂದು ಇಳಿಯುವ ಜನಜಂಗುಳಿಯಲ್ಲಿ ಒಬ್ಬಳು. ಮನೆಯಲ್ಲಿ ಸೀಮೆಹಸುಗಳಿದ್ದವು; ಕೆಚ್ಚಲು ಬಾವು, ಹೊಟ್ಟೆಯುಬ್ಬರ ನೋಡುತ್ತಲೇ ಬೆಳೆದೆ. ಪ್ರಾಣಿಗಳಿಗೆ ಹೆದರುವುದಿಲ್ಲ ಎಂಬ ಒಂದೇ ಅರ್ಹತೆಯ ಮೇಲೆ ಕೆಲಸ ಸಿಕ್ಕಿತು. ಮಿಕ್ಕಿದ್ದೆಲ್ಲ ಡಾಕ್ಟರ್ ಮೇಡಂ ಪಕ್ಕದಲ್ಲಿ ನಿಂತು ಕಲಿತದ್ದು.

'ನಾಯಿ ಹಿಡಿದುಕೊಳ್ಳುವುದೇನು ಮಹಾ' ಎನ್ನುವವರಿಗೆ ಹೇಳುತ್ತೇನೆ. ಡ್ರಿಪ್ ಹಾಕುವಾಗ ಮುಂಗಾಲನ್ನು ಹೆಬ್ಬೆರಳಿನಿಂದ ಒತ್ತಿ ಸ್ವಲ್ಪ ಹೊರಕ್ಕೆ ಹೊರಳಿಸಿದರೆ ರಕ್ತನಾಳ ಉಬ್ಬುತ್ತದೆ. ಆ ಕೈ ಅಲುಗಿದರೆ ಡಾಕ್ಟರ ಸೂಜಿ ತಪ್ಪುತ್ತದೆ. ವಸಡು ಬಿಳಿಚಿ, ಕಿವಿಯಲ್ಲಿ ಉಣ್ಣೆ ಕಂಡರೆ ಆ ನಾಯಿಯನ್ನು ಸರದಿ ತಪ್ಪಿಸಿ ಒಳಗೆ ಕಳಿಸಬೇಕು. ಲಸಿಕೆಯಾಗದ ಮರಿಗೆ ರಕ್ತಭೇದಿ ಇದ್ದರೆ ಪಾರ್ವೊ ಎಂದೇ ಎಣಿಸಿ ಬೇರೆ ಕೋಣೆಯಲ್ಲಿ ಇಡಬೇಕು. ಆ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಬ್ಲೀಚ್ ಬೇಕು, ಫಿನಾಯಿಲ್ ಸಾಲದು. ಬೆಕ್ಕಿಗಂತೂ ಫಿನಾಯಿಲ್ ವಿಷ. ಇದನ್ನೆಲ್ಲ ತಿಳಿದವಳನ್ನೂ ನಿನ್ನೆ ಸೇರಿದವಳನ್ನೂ ಕ್ಲಿನಿಕ್ ಕರೆಯುವುದು 'ಹೆಲ್ಪರ್' ಎಂದೇ.

ಸರ್ಕಾರಿ ಪಶುಪಾಲನಾ ಇಲಾಖೆಯಲ್ಲಿ ಪಶುವೈದ್ಯಕೀಯ ಪರೀಕ್ಷಕ, ಹಿರಿಯ ಪರೀಕ್ಷಕ, ಜಾನುವಾರು ಅಧಿಕಾರಿ ಎಂಬ ಮೆಟ್ಟಿಲುಗಳಿವೆ. ಎಸ್ಸೆಸ್ಸೆಲ್ಸಿ ಆದವರಿಗೆ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಎರಡು ವರ್ಷದ ಪಶುಸಂಗೋಪನಾ ಡಿಪ್ಲೊಮಾ ಇದೆ. ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಂಥ ಕಡೆ ಅದರ ಪಾಲಿಟೆಕ್ನಿಕ್‌ಗಳಿವೆ. ಒಳ್ಳೆಯ ಓದೇ. ಆದರೆ ತಿಂಗಳ ಸಂಬಳದಲ್ಲಿ ಮನೆ ನಡೆಸುವವಳು ಎರಡು ವರ್ಷ ಕೆಲಸ ಬಿಟ್ಟು ಕೂರಲಾದೀತೇ?

1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಚಿಕಿತ್ಸೆ ನೋಂದಾಯಿತ ವೈದ್ಯರ ಹಕ್ಕು. ರಾಜ್ಯ ಸರ್ಕಾರ ಅನುಮತಿ ಕೊಟ್ಟರೆ, ಡಿಪ್ಲೊಮಾ ಅಥವಾ ಸರ್ಟಿಫಿಕೇಟ್ ಇರುವವರು ವೈದ್ಯರ ಮೇಲ್ವಿಚಾರಣೆಯಲ್ಲಿ ಲಸಿಕೆ ಹಾಕುವುದು, ಬೀಜ ಒಡೆಯುವುದು, ಗಾಯಕ್ಕೆ ಪಟ್ಟಿ ಕಟ್ಟುವಂಥ ಕೆಲಸ ಮಾಡಬಹುದು. ಇದು ಸರಿಯಾದ ಕಾನೂನು. ನಮಗೆ ಡಾಕ್ಟರಾಗುವ ಆಸೆಯಿಲ್ಲ. ಕಾನೂನು ಕೇಳುವ ಆ ಸರ್ಟಿಫಿಕೇಟ್, ದುಡಿಯುತ್ತಲೇ ಪಡೆಯುವಂತಿರಲಿ ಎಂಬುದಷ್ಟೇ ಬೇಡಿಕೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1958ರಿಂದ ಇದೇ ಊರಿನಲ್ಲಿದೆ. ಅಲ್ಲಿ ಭಾನುವಾರದ ತರಗತಿ, ಕನ್ನಡದಲ್ಲಿ ಪಾಠ, ಅನುಭವಕ್ಕೂ ಅಂಕ ಕೊಡುವ ಪ್ರಾಯೋಗಿಕ ಪರೀಕ್ಷೆ ನಡೆಸಲಿ. ಪಾಸಾದವರಿಗೆ ಕ್ಲಿನಿಕ್‌ಗಳು ದರ್ಜೆ ಕೊಡಲಿ, ದರ್ಜೆಗೆ ತಕ್ಕ ಸಂಬಳ ಕೊಡಲಿ.

'ಕಲಿಸಿದ ಮೇಲೆ ಪಕ್ಕದ ಕ್ಲಿನಿಕ್‌ಗೆ ಹೋಗುತ್ತಾರೆ' ಎನ್ನುವುದು ಮಾಲೀಕರ ಅಳಲು. ಈ ಕಡೆಯ ಬಾಡಿಗೆ ನೋಡಿದರೆ ಅವರ ಕಷ್ಟ ಅರ್ಥವಾಗುತ್ತದೆ. ಆದರೆ ನಮ್ಮವರು ಈಗಲೂ ಹೋಗುತ್ತಿದ್ದಾರೆ, ಅದೂ ಪಕ್ಕದ ಕ್ಲಿನಿಕ್‌ಗಲ್ಲ, ಆನ್‌ಲೈನ್ ಸಾಮಾನಿನ ಗೋದಾಮುಗಳಿಗೆ. ಇದ್ದಲ್ಲೇ ಬೆಳೆಯುವ ದಾರಿ ಕಂಡರೆ ಉಳಿಯುತ್ತಾರೆ.

ತರಗತಿಗಾಗಿ ಕಾಯಬಹುದು, ರೇಬಿಸ್ ಲಸಿಕೆಗೆ ಕಾಯಬಾರದು. ನಾಯಿ, ಬೆಕ್ಕು ಮುಟ್ಟುವ ಕೆಲಸದವರು ಕಚ್ಚಿಸಿಕೊಳ್ಳುವ ಮೊದಲೇ ಇದನ್ನು ಹಾಕಿಸಿಕೊಳ್ಳಬೇಕು: ಮೊದಲ ದಿನ, 7ನೇ ದಿನ, ಮತ್ತೆ 21 ಅಥವಾ 28ನೇ ದಿನ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ರೇಬಿಸ್‌ನಿಂದ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ನಾನು ಹಿಂದೆ ಇದ್ದ ಒಂದು ಕಡೆ 'ಕಚ್ಚಿದರೆ ಆಗ ನೋಡೋಣ' ಎಂದಿದ್ದರು. ಈ ಲಸಿಕೆಯ ಖರ್ಚು ಮಾಲೀಕರದ್ದೇ ಆಗಬೇಕು. ಕೆಲಸಕ್ಕೆ ಸೇರಿಸಿಕೊಳ್ಳುವ ಮೊದಲ ಷರತ್ತೂ ಅದೇ ಆಗಬೇಕು.

ನಾಯಿ, ಬೆಕ್ಕು ಸಾಕಿದ ಓದುಗರಲ್ಲಿ ಒಂದು ವಿನಂತಿ. ಮುಂದಿನ ಸಲ ಕ್ಲಿನಿಕ್‌ಗೆ ಹೋದಾಗ, ನಿಮ್ಮ ಪ್ರಾಣಿಯನ್ನು ಹಿಡಿದುಕೊಳ್ಳುವವರಿಗೆ ರೇಬಿಸ್ ಲಸಿಕೆ ಆಗಿದೆಯೇ, ಅವರಿಗೆ ತರಬೇತಿ ಕೊಟ್ಟಿದ್ದೀರಾ ಎಂದು ಕೇಳಿ. ನಾವು ಕೇಳಿದರೆ ದೂರು ಎನ್ನುತ್ತಾರೆ. ಬಿಲ್ ಕಟ್ಟುವ ನೀವು ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ.