ಹಿರಿಯರಿಗೂ ಅಂಗವಿಕಲರಿಗೂ ಸಮುದ್ರವಿಹಾರ: ದೋಣಿಯ ಆಯ್ಕೆ ಮತ್ತು ಜಿಲ್ಲೆಯ ಉದ್ದಿಮೆಯ ಹೊಣೆ

ದೀಪಾವಳಿಯ ಲೆಕ್ಕಪತ್ರ ಮುಗಿದು ಅಡಿಕೆ, ಕೊಬ್ಬರಿ, ಶೇಂಗಾ ವಹಿವಾಟು ಒಂದು ಹದಕ್ಕೆ ಬಂದ ಮೇಲೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಅನೇಕ ವರ್ತಕ ಕುಟುಂಬಗಳು ಪ್ರವಾಸಕ್ಕೆ ಹೊರಡುವುದು ರೂಢಿ. ಬಯಲುಸೀಮೆಯವರಿಗೆ ಕರಾವಳಿಯ ಸೆಳೆತ ಸಹಜವಾದುದು. ಕಾರವಾರದ ಬಳಿ ದೋಣಿಯೇರಿ ಡಾಲ್ಫಿನ್ ನೋಡುವುದು, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವುದು, ಅನುಕೂಲವಿದ್ದವರು ಶ್ರೀಲಂಕಾದ ಮಿರಿಸ್ಸಾಕ್ಕೆ ತೆರಳಿ ನೀಲಿ ತಿಮಿಂಗಿಲವನ್ನು ಕಾಣುವುದು ಈಗ ಅಪರೂಪದ ಸಂಗತಿಗಳಾಗಿ ಉಳಿದಿಲ್ಲ. ಆದರೆ ಇಂತಹ ಪ್ರವಾಸಗಳಲ್ಲಿ ಒಂದು ದೃಶ್ಯ ಮತ್ತೆ ಮತ್ತೆ ಕಾಣಸಿಗುತ್ತದೆ. ಮನೆಮಂದಿಯೆಲ್ಲ ದೋಣಿ ಹತ್ತುತ್ತಾರೆ. ಮಂಡಿನೋವಿನ ಅಜ್ಜಿ, ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವ ಯಜಮಾನರು, ಗಾಲಿಕುರ್ಚಿಯಲ್ಲಿರುವ ಮಗ ಅಥವಾ ಮಗಳು ಮಾತ್ರ ದಡದಲ್ಲಿ ಚಪ್ಪಲಿ, ಚೀಲಗಳನ್ನು ಕಾಯುತ್ತ ಕುಳಿತಿರುತ್ತಾರೆ. ಅಂಗಡಿಯನ್ನು ಕಟ್ಟಿ ಬೆಳೆಸಿದವರೇ ಆ ಅಂಗಡಿಯ ಗಳಿಕೆಯ ಪ್ರವಾಸದಲ್ಲಿ ಕಾವಲುಗಾರರಾಗುವುದು ವಿಷಾದದ ಸಂಗತಿ.

ಇದಕ್ಕೆ ಸಮುದ್ರವನ್ನು ದೂರಬೇಕಾದ್ದಿಲ್ಲ. ಬಹುಪಾಲು ಸಂದರ್ಭಗಳಲ್ಲಿ ದೋಷವಿರುವುದು ಆಯ್ಕೆಯ ಕ್ರಮದಲ್ಲಿ. ದರ ಎಷ್ಟು, ಪ್ರಾಣಿ ಖಂಡಿತ ಕಾಣುತ್ತದೆಯೇ ಎಂಬ ಎರಡು ಪ್ರಶ್ನೆಗಳನ್ನು ಕೇಳಿ ಮುಂಗಡ ಕಳುಹಿಸಲಾಗುತ್ತದೆ. ದೋಣಿ ಹತ್ತುವುದು ಹೇಗೆ ಎಂಬ ಮೂರನೆಯ ಪ್ರಶ್ನೆ ದಡಕ್ಕೆ ಹೋಗಿ ನಿಂತ ಮೇಲಷ್ಟೇ ಹುಟ್ಟುತ್ತದೆ. ಮೂಟೆಗೆ ಕೈಹಾಕಿ ನೋಡದೆ ಅಡಿಕೆಗೆ ಬೆಲೆ ಕಟ್ಟದ ವರ್ತಕರು ಈ ಒಂದು ಖರೀದಿಯಲ್ಲಿ ಮಾತ್ರ ಮಾದರಿಯನ್ನೇ ನೋಡದೆ ವ್ಯವಹರಿಸುವುದು ಆಶ್ಚರ್ಯಕರ.

ಭರವಸೆ ಯಾವುದರ ಮೇಲೆ?

ಕಾರವಾರದ ಸುತ್ತಮುತ್ತ, ಕಾಳಿ ನದಿ ಸಮುದ್ರ ಸೇರುವ ಭಾಗದಲ್ಲಿ ಹಾಗೂ ದೇವಬಾಗದ ಕಡಲಿನಲ್ಲಿ ಸಾಮಾನ್ಯವಾಗಿ ಕಾಣುವುದು ಗೂನುಬೆನ್ನಿನ ಡಾಲ್ಫಿನ್. ಇವು ದಡಕ್ಕೆ ಸಮೀಪದ ಆಳವಿಲ್ಲದ ನೀರಿನಲ್ಲಿ ವಾಸಿಸುವುದರಿಂದ ವಿಹಾರ ಅಲ್ಪಾವಧಿಯದಾಗಿರುತ್ತದೆ. ತಿಮಿಂಗಿಲವನ್ನೇ ನೋಡಬಯಸುವವರಿಗೆ ಹತ್ತಿರದ ಪ್ರಸಿದ್ಧ ತಾಣ ಶ್ರೀಲಂಕಾದ ದಕ್ಷಿಣ ತೀರದ ಮಿರಿಸ್ಸಾ. ಅಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ಋತು. ಬೆಳಗಿನ ಜಾವ ಬಂದರಿನಿಂದ ಹೊರಡುವ ದೋಣಿ ಹಲವು ಗಂಟೆಗಳ ಕಾಲ ತೆರೆದ ಸಮುದ್ರದಲ್ಲಿರುತ್ತದೆ. ಹೀಗಾಗಿ ನಡೆದಾಡಲು ಕಷ್ಟವಿರುವವರ ಮೊದಲ ಸಮುದ್ರವಿಹಾರಕ್ಕೆ ಕಾರವಾರದ ಒಂದು ಗಂಟೆಯ ಡಾಲ್ಫಿನ್ ದರ್ಶನವೇ ಸೂಕ್ತ; ಅದು ಸುಗಮವಾದರೆ ಮಿರಿಸ್ಸಾದ ವಿಚಾರ ಮಾಡಬಹುದು.

ಯಾವ ದೋಣಿಯವನೂ ಪ್ರಾಣಿಯನ್ನು ತೋರಿಸಿಯೇ ತೀರುವೆನೆಂದು ಮಾತು ಕೊಡಲಾರ. ನ್ಯೂಜಿಲೆಂಡಿನ ಕೈಕೌರದಲ್ಲಿ ಮಾವೋರಿ ಜನಾಂಗದವರು 1987ರಲ್ಲಿ ಆರಂಭಿಸಿದ ತಿಮಿಂಗಿಲ ವೀಕ್ಷಣಾ ಸಂಸ್ಥೆಯು ತಿಮಿಂಗಿಲ ಕಾಣದಿದ್ದರೆ ಶುಲ್ಕದ ಶೇ. 80ರಷ್ಟನ್ನು ಹಿಂದಿರುಗಿಸುವ ಪದ್ಧತಿಯನ್ನು ಇಟ್ಟುಕೊಂಡು ಹೆಸರು ಗಳಿಸಿದೆ. ತನ್ನ ಕೈಯಲ್ಲಿಲ್ಲದುದನ್ನು ತನ್ನ ಕೈಯಲ್ಲಿಲ್ಲವೆಂದೇ ಒಪ್ಪಿಕೊಂಡು ವ್ಯಾಪಾರ ಮಾಡುವ ರೀತಿ ಇದು. ಇದರ ಮತ್ತೊಂದು ಮಗ್ಗುಲೂ ಇದೆ. ಪ್ರಾಣಿಯ ಬಗ್ಗೆ ಭರವಸೆ ಕೊಡಲಾಗದವನು ಮೆಟ್ಟಿಲು, ಕೈಹಿಡಿ, ಆಸನ, ಜೀವರಕ್ಷಕ ಕವಚಗಳ ಬಗ್ಗೆ ಖಂಡಿತವಾಗಿ ಭರವಸೆ ಕೊಡಬಲ್ಲ, ಏಕೆಂದರೆ ಅವು ಅವನ ಅಧೀನದಲ್ಲಿವೆ. ಗ್ರಾಹಕರು ಪಟ್ಟುಹಿಡಿದು ಕೇಳಬೇಕಾದ ಭರವಸೆ ಇದೇ.

ಮುಂಗಡಕ್ಕೆ ಮುನ್ನ ಕೇಳಬೇಕಾದವು

ಮೊದಲನೆಯದು, ದೋಣಿ ಹತ್ತುವ ಸ್ಥಳ. ಮರಳದಂಡೆಯಿಂದ ಹೊರಡುವ ಚಿಕ್ಕ ದೋಣಿಗಳಿಗೆ ಮೊಣಕಾಲುದ್ದ ನೀರಿನಲ್ಲಿ ನಡೆದು, ಅಂಚನ್ನು ದಾಟಿ ಹತ್ತಬೇಕಾಗುತ್ತದೆ. ಜೆಟ್ಟಿಯಿಂದ ಹೊರಡುವ ದೋಣಿಯಲ್ಲಿ ಈ ತೊಂದರೆ ಕಡಿಮೆ. ಆದರೆ ಹೊರಡುವ ಕಡೆ ಜೆಟ್ಟಿಯಿದ್ದ ಮಾತ್ರಕ್ಕೆ ಇಳಿಯುವ ಕಡೆಯೂ ಇರುತ್ತದೆಂದು ಭಾವಿಸಬಾರದು. ನಡುವೆ ದೊಡ್ಡ ದೋಣಿಯಿಂದ ಚಿಕ್ಕ ದೋಣಿಗೆ ಬದಲಾಗಬೇಕೇ ಎಂಬುದನ್ನೂ ವಿಚಾರಿಸಬೇಕು. ಜೆಟ್ಟಿಯ ಮತ್ತು ದೋಣಿಯ ಛಾಯಾಚಿತ್ರವನ್ನು ಮೊಬೈಲಿಗೆ ಕಳುಹಿಸುವಂತೆ ಕೇಳುವುದು ಇಂದು ಕಷ್ಟದ ಕೆಲಸವಲ್ಲ. ಕಳುಹಿಸಲು ಹಿಂಜರಿಯುವವರ ಮಾಲಿನ ಬಗ್ಗೆ ವರ್ತಕರಿಗೆ ಬೇರೆ ಹೇಳಬೇಕಾಗಿಲ್ಲ.

ಎರಡನೆಯದು, ಭರತ ಮತ್ತು ಇಳಿತದ ಸಮಯ. ಭರತದ ವೇಳೆ ಜೆಟ್ಟಿಗೆ ಸರಿಸಮನಾಗಿರುವ ದೋಣಿಯ ಅಟ್ಟ ಇಳಿತದ ವೇಳೆ ಹಲವು ಅಡಿ ಕೆಳಗಿರುತ್ತದೆ. ಗಾಲಿಕುರ್ಚಿಗೆ ಒಪ್ಪಿತವಾದ ಇಳಿಜಾರು 1:12, ಅಂದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ನಾಲ್ಕು ಅಡಿ ಕೆಳಗಿರುವ ದೋಣಿಗೆ ಹತ್ತು ಅಡಿಯ ಹಲಗೆ ಹಾಕಿದರೆ ಅದು ದಾರಿಯಾಗದು, ಜಾರುಬಂಡೆಯಾದೀತು. ತೇಲುವ ಜೆಟ್ಟಿಯಿದ್ದಲ್ಲಿ ಅದು ನೀರಿನೊಂದಿಗೇ ಏರಿಳಿಯುವುದರಿಂದ ದೋಣಿಯ ಮಟ್ಟ ಬದಲಾಗದು. ತೇಲುವ ಜೆಟ್ಟಿ ಇಲ್ಲದಿದ್ದರೆ ಯಾವ ಹೊತ್ತಿನಲ್ಲಿ ಹತ್ತುವುದು ಸುಲಭವೆಂದು ಕೇಳಿ ಆ ಹೊತ್ತನ್ನೇ ಕಾಯ್ದಿರಿಸಬೇಕು. ಸಾಮಾನ್ಯವಾಗಿ ಮಧ್ಯಾಹ್ನದ ಗಾಳಿ ಏಳುವ ಮೊದಲು, ಬೆಳಗಿನಲ್ಲಿ ಸಮುದ್ರ ಶಾಂತವಾಗಿರುತ್ತದೆ.

ಮೂರನೆಯದು, ಆಸನ. ದೋಣಿಯ ಮೂತಿಯ ಭಾಗ ಅತಿ ಹೆಚ್ಚು ಏರಿಳಿಯುತ್ತದೆ; ನಡುಭಾಗದಿಂದ ತುಸು ಹಿಂದೆ, ಕೆಳ ಅಟ್ಟದಲ್ಲಿ ಕುಲುಕಾಟ ಕಡಿಮೆ. ಬೆನ್ನು ಆನಿಸಲು ಒರಗು, ಹಿಡಿಯಲು ಕಂಬಿ, ತಲೆಯ ಮೇಲೆ ನೆರಳು ಇರಬೇಕು. ಉಳಿದವರು ಎದ್ದುನಿಂತರೂ ಕುಳಿತವರಿಗೆ ನೀರು ಕಾಣುವಂತಿರಬೇಕು. ಇಲ್ಲವಾದರೆ ಹಣ ಕೊಟ್ಟು ಬೇರೆಯವರ ಬೆನ್ನು ನೋಡಿ ಬಂದಂತಾಗುತ್ತದೆ.

ನಾಲ್ಕನೆಯದು, ಗಾಲಿಕುರ್ಚಿ. ಚಿಕ್ಕ ದೋಣಿಯಲ್ಲಿ ಪ್ರಯಾಣಿಕರನ್ನು ಗಾಲಿಕುರ್ಚಿಗೆ ಕಟ್ಟಿ ಕೂರಿಸುವುದು ಅಪಾಯಕಾರಿ. ದೋಣಿ ಮಗುಚಿದರೆ ಕುರ್ಚಿಯೇ ಅವರನ್ನು ಕೆಳಗೆಳೆಯುತ್ತದೆ. ಅವರನ್ನು ಸ್ಥಿರ ಆಸನಕ್ಕೆ ವರ್ಗಾಯಿಸಿ ಕುರ್ಚಿಯನ್ನು ಬೇರೆಯಾಗಿ ಭದ್ರಪಡಿಸಬೇಕು. ವಿದ್ಯುತ್ ಚಾಲಿತ ಕುರ್ಚಿಗಳು ನೂರು ಕೆ.ಜಿ.ಯನ್ನೂ ಮೀರಬಹುದಾದ್ದರಿಂದ ಮಡಚುವ ಕುರ್ಚಿಯನ್ನು ಒಯ್ಯುವುದು ಲೇಸು. ತಮ್ಮ ಬಲದಿಂದ ತಲೆ ಎತ್ತಿ ಹಿಡಿಯಲಾರದವರಿಗೆ ಮುಖವನ್ನು ನೀರಿನಿಂದ ಮೇಲಿರಿಸುವ, ಕೊರಳಪಟ್ಟಿಯುಳ್ಳ ಜೀವರಕ್ಷಕ ಕವಚ ಬೇಕು. ಕಡಲಬೇನೆಯ ಕೆಲವು ಮಾತ್ರೆಗಳು ಹಿರಿಯರಲ್ಲಿ ಮಂಪರು ತರುವುದರಿಂದ ವೈದ್ಯರನ್ನು ಕೇಳದೆ ಕೊಡಬಾರದು. ಶೌಚಾಲಯ ದೋಣಿಯಲ್ಲಿದೆಯೇ, ದಡದಲ್ಲಿದೆಯೇ, ಅದರ ಬಾಗಿಲಿನ ಅಗಲವೆಷ್ಟು ಎಂಬುದನ್ನು ಸಂಕೋಚವಿಲ್ಲದೆ ಕೇಳಬೇಕು.

ಐದನೆಯದು, ಸುರಕ್ಷತೆ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಮೃತಪಟ್ಟರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಮಂದಿ, 2024ರ ಜನವರಿ 18ರಂದು ವಡೋದರದ ಹರಣಿ ಕೆರೆಯಲ್ಲಿ ಶಾಲಾ ಮಕ್ಕಳೂ ಸೇರಿ 14 ಮಂದಿ ಇದೇ ರೀತಿ ಪ್ರಾಣ ಕಳೆದುಕೊಂಡರು. ಈಜಬಲ್ಲವರಿಗೇ ಉಳಿಗಾಲವಿಲ್ಲದ ಕಡೆ ಎದ್ದು ನಿಲ್ಲಲಾಗದವರ ಪಾಡು ಹೇಳತೀರದು. ಪರವಾನಗಿಯಲ್ಲಿ ನಮೂದಾದ ಸಂಖ್ಯೆಗಿಂತ ಒಬ್ಬರನ್ನು ಹೆಚ್ಚಾಗಿ ಹತ್ತಿಸಿಕೊಂಡರೂ ಇಳಿದುಬಿಡುವ ದೃಢತೆ ಬೇಕು. ಮಳೆಗಾಲದಲ್ಲಿ ಸಮುದ್ರವಿಹಾರದ ಯೋಚನೆಯೇ ಸಲ್ಲದು.

ಡಾಲ್ಫಿನ್, ತಿಮಿಂಗಿಲಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿರುವ ಜೀವಿಗಳು. ಅವುಗಳನ್ನು ಬೆನ್ನಟ್ಟುವುದು ತಪ್ಪು. ವೇಗವಾಗಿ ಬೆನ್ನಟ್ಟುವ ದೋಣಿಯಲ್ಲಿ ಮೊದಲು ಪೆಟ್ಟಾಗುವುದು ಸವೆದ ಬೆನ್ನುಮೂಳೆಯ ಪ್ರಯಾಣಿಕರಿಗೆ. ಎಂಜಿನನ್ನು ತಗ್ಗಿಸಿ ದೂರದಲ್ಲಿ ಕಾಯುವ ನಾವಿಕನೇ ಪ್ರಾಣಿಗೂ ಪ್ರಯಾಣಿಕನಿಗೂ ಹಿತವಾದವನು.

ಎತ್ತಿ ಕೂರಿಸುವುದು ಸೌಲಭ್ಯವಲ್ಲ

ಈ ಪ್ರಶ್ನೆಗಳಿಗೆಲ್ಲ ದೊರೆಯುವ ಸಾಮಾನ್ಯ ಉತ್ತರ, “ಚಿಂತೆ ಬೇಡ ಸಾರ್, ನಮ್ಮ ಹುಡುಗರು ಎತ್ತಿ ಕೂರಿಸುತ್ತಾರೆ” ಎಂಬುದು. ಹಾಗೆ ಹೇಳುವವರ ಸದ್ಭಾವನೆಯನ್ನು ಶಂಕಿಸಬೇಕಾದ್ದಿಲ್ಲ. ಆದರೆ ಒದ್ದೆ ಮರಳಿನಲ್ಲಿ, ತೂಗುವ ದೋಣಿಗೆ, ತರಬೇತಿಯಿಲ್ಲದ ಇಬ್ಬರು ಒಬ್ಬರನ್ನು ಎತ್ತುವಾಗ ಮೂವರೂ ಬೀಳುವ ಸಂಭವವಿರುತ್ತದೆ. ಅಪಾಯಕ್ಕಿಂತಲೂ ಮಿಗಿಲಾದುದು ಮರ್ಯಾದೆಯ ಪ್ರಶ್ನೆ. ಬದುಕಿನುದ್ದಕ್ಕೂ ಯಾರ ಹಂಗಿಗೂ ಬೀಳದೆ ಬಾಳಿದ ಹಿರಿಯರು, ಅದರಲ್ಲೂ ಮಹಿಳೆಯರು, ಅಪರಿಚಿತರ ತೋಳುಗಳಲ್ಲಿ ಮೂಟೆಯಂತೆ ಸಾಗುವುದಕ್ಕಿಂತ ದಡದಲ್ಲಿ ಕೂರುವುದನ್ನೇ ಆರಿಸಿಕೊಳ್ಳುತ್ತಾರೆ. “ನೀವು ಹೋಗಿ ಬನ್ನಿ, ನನಗೆ ಇಲ್ಲೇ ಚೆನ್ನಾಗಿದೆ” ಎಂಬ ಅವರ ಮಾತನ್ನು ಮನೆಯವರು ಅಕ್ಷರಶಃ ನಂಬುವುದು ಅನುಕೂಲಸಿಂಧುವೇ ಹೊರತು ಸತ್ಯವಲ್ಲ.

ಗ್ರಾಹಕರ ಸಂಖ್ಯೆ ಅಲ್ಪ, ವೆಚ್ಚ ಹೆಚ್ಚು ಎಂಬುದು ಉದ್ದಿಮೆಯವರ ಮತ್ತೊಂದು ವಾದ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರಿದ್ದರು; ಅರವತ್ತು ದಾಟಿದವರ ಸಂಖ್ಯೆ ದೇಶದಲ್ಲಿ ಹತ್ತು ಕೋಟಿಯನ್ನು ಮೀರಿತ್ತು. ಇವರಲ್ಲಿ ಅನೇಕರು ಒಂಟಿಯಾಗಿ ಪ್ರಯಾಣಿಸುವವರಲ್ಲ. ಅಜ್ಜಿಗೆ ಆಗದೆಂದು ಹತ್ತು ಜನರ ಕುಟುಂಬ ಪ್ರವಾಸವನ್ನೇ ಕೈಬಿಟ್ಟರೆ ದೋಣಿಯವನಿಗೆ ಆದ ನಷ್ಟ ಒಂದು ಆಸನದ್ದಲ್ಲ, ಹತ್ತು ಆಸನಗಳದ್ದು. ಈ ನಷ್ಟ ಯಾವ ಖಾತೆಯಲ್ಲೂ ದಾಖಲಾಗದ ಕಾರಣ ಅದು ಇಲ್ಲವೆಂಬ ಭ್ರಮೆ ಮೂಡಿದೆ, ಅಷ್ಟೇ.

ಕಾನೂನೂ ಬದಲಾಗಿದೆ. 1995ರ ಕಾಯಿದೆಯ ಸ್ಥಾನದಲ್ಲಿ ಬಂದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯು ಸರ್ಕಾರಿ ಕಚೇರಿಗಳಿಗೆ ಮಾತ್ರವಲ್ಲದೆ ಖಾಸಗಿ ಸೇವಾದಾರರಿಗೂ ಸುಗಮ ಪ್ರವೇಶದ ಹೊಣೆಯನ್ನು ವಿಧಿಸಿದೆ. 2024ರ ನವೆಂಬರ್ 8ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರವೇಶ ಸೌಲಭ್ಯದ ಮಾನದಂಡಗಳು ಬರಿಯ ಸಲಹೆಗಳಾಗಿ ಉಳಿಯಕೂಡದೆಂದೂ ಕಡ್ಡಾಯ ನಿಯಮಗಳನ್ನು ರೂಪಿಸಬೇಕೆಂದೂ ಕೇಂದ್ರ ಸರ್ಕಾರಕ್ಕೆ ನಿರ್ದೇಶಿಸಿತು. ನೋಟೀಸು ಬಂದ ಮೇಲೆ ಒಡೆದು ಕಟ್ಟುವುದಕ್ಕಿಂತ ಮೊದಲೇ ಸರಿಯಾಗಿ ಕಟ್ಟುವುದು ಲಾಭದಾಯಕ.

ಜಿಲ್ಲೆಗೆ ಇದರಲ್ಲೇನಿದೆ?

ಜಿಲ್ಲೆಗೆ ಸಮುದ್ರವಿಲ್ಲದಿದ್ದರೂ ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಪೂರ್ಣಗೊಂಡ ವಾಣಿ ವಿಲಾಸ ಸಾಗರವಿದೆ. 1933ರ ಬಳಿಕ 89 ವರ್ಷ ಕಾದು 2022ರಲ್ಲಿ ಕೋಡಿ ಬಿದ್ದ ಈ ಜಲಾಶಯವನ್ನು ನೋಡಲು ಜನಸಾಗರವೇ ಹರಿದು ಬಂದಿತ್ತು. ಇಲ್ಲಿ ಅಲೆಗಳ ಹೊಡೆತವಿಲ್ಲ, ಭರತ ಇಳಿತಗಳಿಲ್ಲ. ಸಮುದ್ರಕ್ಕೆ ಹೋಗಲಾಗದ ಹಿರಿಯರ ನೀರಿನ ಆಸೆ ತೀರಲು ಇದಕ್ಕಿಂತ ಪ್ರಶಸ್ತವಾದ ಸ್ಥಳ ಸಿಗುವುದು ಕಷ್ಟ. ಆದರೆ 130 ಅಡಿಯ ಪೂರ್ಣ ಮಟ್ಟ ಮತ್ತು ಬರಗಾಲದ ಮಟ್ಟಗಳ ನಡುವಣ ಅಂತರ ದೊಡ್ಡದು. ತುಂಬಿದ ವರ್ಷದ ದಡದಲ್ಲಿ ಕಾಂಕ್ರೀಟಿನ ಮೆಟ್ಟಿಲು ಕಟ್ಟಿದರೆ ಬರದ ವರ್ಷದಲ್ಲಿ ಅದು ನೀರಿನಿಂದ ಬಹುದೂರ ಉಳಿಯುತ್ತದೆ. ಆದ್ದರಿಂದ ಇಲ್ಲಿ ದೋಣಿವಿಹಾರಕ್ಕೆ ಬಂಡವಾಳ ಹೂಡುವವರು ತೇಲುವ ಜೆಟ್ಟಿ ಮತ್ತು ಸರಿಸಬಹುದಾದ ಇಳಿಜಾರು ಹಾದಿಯನ್ನೇ ಆರಿಸಬೇಕು. ಜಲಾಶಯದ ಉಸ್ತುವಾರಿಯವರು ಅನುಮತಿಯ ಷರತ್ತಿನಲ್ಲೇ ಇದನ್ನು ಸೇರಿಸಬೇಕು. ಏಳು ಸುತ್ತಿನ ಕೋಟೆಯ ಕಲ್ಲಿನ ಮೆಟ್ಟಿಲುಗಳನ್ನು ಯಾರೂ ಬದಲಿಸಲಾರರು. ಅವು ಶತ್ರುವನ್ನು ತಡೆಯಲೆಂದೇ ಕಟ್ಟಿದವು. ಇಂದು ಹೊಸದಾಗಿ ಕಟ್ಟುವುದು ಅತಿಥಿಯನ್ನು ತಡೆಯುವಂತಿರಬಾರದು.

ಚಿಕ್ಕ ಉದ್ದಿಮೆದಾರರಿಗೆ ಇದರಲ್ಲಿ ನೇರವಾದ ಅವಕಾಶವಿದೆ. ಮಡಚುವ ಅಲ್ಯೂಮಿನಿಯಂ ಇಳಿಜಾರು ಹಲಗೆ, ಕೈಹಿಡಿ ಕಂಬಿ, ಕುರ್ಚಿಯಿಂದ ಆಸನಕ್ಕೆ ಜಾರುವ ಹಲಗೆ ಇವುಗಳನ್ನು ಜಿಲ್ಲೆಯ ಯಾವುದೇ ಸುಸಜ್ಜಿತ ಫ್ಯಾಬ್ರಿಕೇಷನ್ ಶೆಡ್ಡಿನಲ್ಲಿ ತಯಾರಿಸಬಹುದು. ಇವುಗಳಿಗೆ ದೋಣಿಯವರಷ್ಟೇ ಗಿರಾಕಿಗಳಲ್ಲ. ಆರು ಅಂಗುಲದ ಮೂರು ಮೆಟ್ಟಿಲುಗಳಿರುವ ಪ್ರತಿಯೊಂದು ಅಂಗಡಿಗೂ ಹದಿನೆಂಟು ಅಡಿಯ ಇಳಿಜಾರು ಬೇಕು. ಹೆದ್ದಾರಿಯ ಬದಿಯ ವಸತಿಗೃಹ, ಕಲ್ಯಾಣಮಂಟಪ, ಆಸ್ಪತ್ರೆಗಳೂ ಇದೇ ಸಾಲಿನಲ್ಲಿವೆ.

ವರ್ತಕರ ಸಂಘವೂ ಎರಡು ಕೆಲಸಗಳನ್ನು ಮಾಡಬಹುದು. ಮೇಲಿನ ಐದು ಪ್ರಶ್ನೆಗಳ ಒಂದು ಪುಟದ ನಮೂನೆಯನ್ನು ಅಚ್ಚು ಹಾಕಿಸಿ ಸದಸ್ಯರಿಗೆ ಹಂಚುವುದು ಒಂದು. ನಾಲ್ಕೂ ಊರುಗಳ ಪ್ರವಾಸಿ ಕುಟುಂಬಗಳನ್ನು ಒಟ್ಟುಗೂಡಿಸಿ, ಲಿಖಿತ ಉತ್ತರ ಕೊಟ್ಟ ದೋಣಿ ಸಂಸ್ಥೆಗೆ ಮಾತ್ರ ಸಗಟು ಕಾಯ್ದಿರಿಸುವಿಕೆ ನೀಡುವುದು ಇನ್ನೊಂದು. ಬಿಡಿ ಗ್ರಾಹಕನ ಮನವಿಗೆ ಕದಲದ ಮೆಟ್ಟಿಲು ನೂರು ಟಿಕೆಟ್ಟುಗಳ ಬೇಡಿಕೆಗೆ ಕದಲುವುದುಂಟು. ಈ ಸತ್ಯವನ್ನು ಸಗಟು ವ್ಯಾಪಾರಿಗಳಿಗೆ ಬೇರಾರೂ ಕಲಿಸಿಕೊಡಬೇಕಾಗಿಲ್ಲ. ಬರುವ ಋತುವಿನ ಪ್ರವಾಸಕ್ಕೆ ಮುಂಗಡ ಕೊಡುವ ಮೊದಲು, ಮನೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರೆಂದು ನೋಡಿ ಅವರ ಅಳತೆಗೆ ತಕ್ಕ ದೋಣಿಯನ್ನು ಹುಡುಕಬೇಕು. ಆ ದೋಣಿ ಉಳಿದೆಲ್ಲರಿಗೂ ತಾನಾಗಿಯೇ ಸರಿಹೊಂದುತ್ತದೆ.