ಹಳೆಯ ಮನೆಗೆ ಸೌರ ಜಲತಾಪಕ: ಗೃಹಜ್ಯೋತಿಯ ನಂತರದ ಲೆಕ್ಕಾಚಾರ
(ಕಲಬುರಗಿ ನಗರ ಹಾಗೂ ಕಮಲಾಪುರ ತಾಲ್ಲೂಕಿನ ಗೃಹಬಳಕೆದಾರರ ಮಾಹಿತಿಗಾಗಿ)

ಪೀಠಿಕೆ

ಬಳಕೆಯ ಮಾತಿನಲ್ಲಿ ಸೋಲಾರ್ ವಾಟರ್ ಹೀಟರ್ ಎಂದು ಕರೆಯಲಾಗುವ ಸೌರ ಜಲತಾಪಕವನ್ನು ಅಳವಡಿಸಿದರೆ ಮನೆಯ ಇಂಧನ ವೆಚ್ಚ ಇಳಿಯುತ್ತದೆ ಎಂಬುದು ಸಾರ್ವಜನಿಕರಲ್ಲಿ ಬಹುಕಾಲದಿಂದ ಇರುವ ತಿಳಿವಳಿಕೆ. 2023ರ ನಂತರ ಈ ಮಾತು ಎಲ್ಲ ಮನೆಗಳಿಗೂ ಒಂದೇ ಪ್ರಮಾಣದಲ್ಲಿ ಅನ್ವಯಿಸುವುದಿಲ್ಲ. ಮನೆಯವರು ಈಗ ಯಾವ ಇಂಧನದಿಂದ ನೀರು ಕಾಯಿಸುತ್ತಿದ್ದಾರೆ ಹಾಗೂ ಗೃಹಜ್ಯೋತಿ ಯೋಜನೆಯಡಿ ಎಷ್ಟು ಯೂನಿಟ್‌ಗಳಿಗೆ ಅರ್ಹರಿದ್ದಾರೆ ಎಂಬ ಎರಡು ಅಂಶಗಳ ಮೇಲೆ ಲಾಭ ನಷ್ಟ ನಿರ್ಧಾರವಾಗುತ್ತದೆ. ಹಣ ಹೂಡುವ ಮೊದಲು ಈ ಲೆಕ್ಕವನ್ನು ಮಾಡಿಕೊಳ್ಳುವುದು ಅವಶ್ಯಕ.

ಯೋಜನೆಗಳ ಹಿನ್ನೆಲೆ

ಗೃಹಜ್ಯೋತಿ ಯೋಜನೆಗೆ 2023ರ ಆಗಸ್ಟ್ 5ರಂದು ಕಲಬುರಗಿ ನಗರದಲ್ಲಿಯೇ ಚಾಲನೆ ನೀಡಲಾಯಿತು. ಇದರನ್ವಯ 2022-23ನೇ ಸಾಲಿನ ಮಾಸಿಕ ಸರಾಸರಿ ಬಳಕೆಗೆ ಶೇ. 10ರಷ್ಟು ಸೇರಿಸಿ, ಗರಿಷ್ಠ 200 ಯೂನಿಟ್‌ಗೆ ಒಳಪಟ್ಟು, ಪ್ರತಿ ಮನೆಯ ಅರ್ಹ ಬಳಕೆಯನ್ನು ನಿಗದಿಪಡಿಸಲಾಗಿದೆ. ಸರಾಸರಿ ಬಳಕೆ 48 ಯೂನಿಟ್‌ಗಿಂತ ಕಡಿಮೆ ಇರುವವರಿಗೆ ಶೇ. 10ರ ಬದಲು 10 ಯೂನಿಟ್ ಸೇರಿಸಲು 2024ರ ಜನವರಿಯಲ್ಲಿ ತೀರ್ಮಾನಿಸಲಾಯಿತು. ಬಳಕೆಯು ಅರ್ಹ ಪ್ರಮಾಣವನ್ನು ಮೀರಿ 200 ಯೂನಿಟ್ ಒಳಗಿದ್ದರೆ ಹೆಚ್ಚುವರಿ ಯೂನಿಟ್‌ಗಳಿಗೆ ಮಾತ್ರ ಹಣ ಪಾವತಿಸಬೇಕು. 200 ಯೂನಿಟ್ ಮೀರಿದ ತಿಂಗಳಲ್ಲಿ ಪೂರ್ಣ ಬಿಲ್ಲನ್ನು ಪಾವತಿಸಬೇಕು.

ಸೌರ ಜಲತಾಪಕಗಳಿಗೆ ಕೇಂದ್ರ ಸರ್ಕಾರ ನೀಡುತ್ತಿದ್ದ ಸಹಾಯಧನವು 2014ರಲ್ಲಿಯೇ ನಿಂತುಹೋಗಿದೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯ ಸಹಾಯಧನ, ಅಂದರೆ ಮೊದಲ 2 ಕಿಲೋವ್ಯಾಟ್‌ವರೆಗೆ ತಲಾ ರೂ. 30,000/-, ಮೂರನೆಯ ಕಿಲೋವ್ಯಾಟ್‌ಗೆ ರೂ. 18,000/- ಸೇರಿ ಗರಿಷ್ಠ ರೂ. 78,000/-, ವಿದ್ಯುತ್ ಉತ್ಪಾದಿಸುವ ಮೇಲ್ಛಾವಣಿ ಸೌರ ಫಲಕಗಳಿಗೆ ಮಾತ್ರ ಸಂಬಂಧಿಸಿದೆ. ನೀರು ಕಾಯಿಸುವ ಸಾಧನ ಈ ಯೋಜನೆಯ ವ್ಯಾಪ್ತಿಗೆ ಬರುವುದಿಲ್ಲ. ಎರಡಕ್ಕೂ "ಸೋಲಾರ್" ಎಂಬ ಒಂದೇ ಹೆಸರು ಬಳಕೆಯಲ್ಲಿರುವುದರಿಂದ ಗೊಂದಲಕ್ಕೆ ಅವಕಾಶವಿದೆ. ಜಲತಾಪಕಕ್ಕೆ ಈ ಯೋಜನೆಯ ಸಹಾಯಧನ ಕೊಡಿಸುವುದಾಗಿ ಯಾರಾದರೂ ಮುಂಗಡ ಹಣ ಕೇಳಿದಲ್ಲಿ ಸಾರ್ವಜನಿಕರು ಒಪ್ಪಬಾರದು.

ಬೆಲೆಯ ವಿಷಯದಲ್ಲಿ ಒಂದು ಅನುಕೂಲಕರ ಬದಲಾವಣೆಯಾಗಿದೆ. 2022ರ ಜುಲೈನಲ್ಲಿ ಶೇ. 5ರಿಂದ ಶೇ. 12ಕ್ಕೆ ಏರಿದ್ದ ಜಲತಾಪಕದ ಮೇಲಿನ ಸರಕು ಮತ್ತು ಸೇವಾ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ಪುನಃ ಶೇ. 5ಕ್ಕೆ ಇಳಿಸಲಾಗಿದೆ. ಖರೀದಿದಾರರು ಬಿಲ್ಲಿನಲ್ಲಿ ತೆರಿಗೆಯ ದರವನ್ನು ಪರಿಶೀಲಿಸಬೇಕು.

ನೀರು ಕಾಯಿಸಲು ಬೇಕಾಗುವ ಇಂಧನ

ನಾಲ್ಕೈದು ಜನರ ಕುಟುಂಬಕ್ಕೆ ದಿನಕ್ಕೆ 100 ಲೀಟರ್ ಬಿಸಿನೀರು ಬೇಕೆಂದು ಭಾವಿಸೋಣ. ಇಷ್ಟು ನೀರಿನ ಉಷ್ಣತೆಯನ್ನು 25 ಡಿಗ್ರಿ ಸೆಲ್ಸಿಯಸ್ ಹೆಚ್ಚಿಸಲು ಸುಮಾರು 2.9 ಯೂನಿಟ್ ವಿದ್ಯುತ್ ಬೇಕು. ಗೀಸರ್‌ನ ಅಲ್ಪ ನಷ್ಟವನ್ನೂ ಸೇರಿಸಿದರೆ ದಿನಕ್ಕೆ 3 ಯೂನಿಟ್, ತಿಂಗಳಿಗೆ 90 ಯೂನಿಟ್ ಆಗುತ್ತದೆ. ಇದೇ ನೀರನ್ನು ಅಡುಗೆ ಅನಿಲದ ಒಲೆಯ ಮೇಲೆ ಕಾಯಿಸಿದರೆ ದಿನಕ್ಕೆ ಸುಮಾರು 350 ಗ್ರಾಂ ಅನಿಲ ವ್ಯಯವಾಗುತ್ತದೆ. ಅಂದರೆ 14.2 ಕಿಲೋಗ್ರಾಂ ಸಿಲಿಂಡರ್ ಒಂದು 40 ದಿನಗಳಲ್ಲಿ ಸ್ನಾನದ ನೀರಿಗೇ ಮುಗಿಯುತ್ತದೆ.

ಕಲಬುರಗಿಯ ಹವಾಮಾನವನ್ನೂ ಗಮನಿಸಬೇಕು. ಏಪ್ರಿಲ್, ಮೇ ತಿಂಗಳುಗಳಲ್ಲಿ ಮಾಳಿಗೆಯ ಮೇಲಿನ ಟ್ಯಾಂಕಿನ ನೀರು ತಾನಾಗಿಯೇ ಕಾದಿರುತ್ತದೆ. ಬೆಂಗಳೂರಿನಂತೆ ವರ್ಷವಿಡೀ ಬಿಸಿನೀರು ಬೇಕಾಗುವುದಿಲ್ಲವಾದ್ದರಿಂದ, ಬೇರೆ ಊರಿನ ಉಳಿತಾಯದ ಅಂಕಿಗಳನ್ನು ಇಲ್ಲಿಗೆ ಅನ್ವಯಿಸುವುದು ಸರಿಯಲ್ಲ.

ವೆಚ್ಚದ ವಿಶ್ಲೇಷಣೆ

ಕೆಳಗಿನ ಲೆಕ್ಕಕ್ಕೆ ವರ್ಷದಲ್ಲಿ 5 ತಿಂಗಳ ಬಳಕೆ, ಸಾಧನ ಹಾಗೂ ಕೊಳಾಯಿ ಕೆಲಸ ಸೇರಿ ರೂ. 20,000/- ವೆಚ್ಚ, ಯೂನಿಟ್‌ಗೆ ರೂ. 6/- ಹಾಗೂ ಸಿಲಿಂಡರ್‌ಗೆ ರೂ. 900/- ಎಂದು ಉದಾಹರಣೆಗಾಗಿ ಭಾವಿಸಲಾಗಿದೆ. ಓದುಗರು ತಮ್ಮ ಅಂಕಿಗಳನ್ನು ಹಾಕಿಕೊಂಡು ಲೆಕ್ಕ ಮಾಡಬಹುದು.

1. ಸರಾಸರಿ 60 ಯೂನಿಟ್ ಬಳಸುತ್ತಿದ್ದು, ನಂತರ ಗೀಸರ್ ಹಾಕಿಸಿಕೊಂಡ ಮನೆ: ಅರ್ಹ ಪ್ರಮಾಣ 66 ಯೂನಿಟ್, ಚಳಿಗಾಲದ ಬಳಕೆ 150 ಯೂನಿಟ್. ಹೆಚ್ಚುವರಿ 84 ಯೂನಿಟ್‌ಗೆ ತಿಂಗಳಿಗೆ ಸುಮಾರು ರೂ. 504/-. ಜಲತಾಪಕದಿಂದ ವರ್ಷಕ್ಕೆ ರೂ. 2,520/- ಉಳಿದು, ಹೂಡಿದ ಹಣ 8 ವರ್ಷಗಳಲ್ಲಿ ಮರಳುತ್ತದೆ.

2. ಸರಾಸರಿ 120 ಯೂನಿಟ್ ಬಳಸುತ್ತಿದ್ದು, ನಂತರ ಗೀಸರ್ ಹಾಕಿಸಿಕೊಂಡ ಮನೆ: ಅರ್ಹ ಪ್ರಮಾಣ 132 ಯೂನಿಟ್, ಚಳಿಗಾಲದ ಬಳಕೆ 210 ಯೂನಿಟ್. 200ರ ಮಿತಿಯನ್ನು ಕೇವಲ 10 ಯೂನಿಟ್ ಮೀರಿದ್ದಕ್ಕೆ ಪೂರ್ಣ 210 ಯೂನಿಟ್‌ಗೆ ರೂ. 1,260/- ಹಾಗೂ ನಿಗದಿತ ಶುಲ್ಕ ಪಾವತಿಸಬೇಕಾಗುತ್ತದೆ. ಈ ಮನೆಗೆ ಹೂಡಿಕೆಯು ಮೂರು ವರ್ಷಗಳಿಗೆ ಸ್ವಲ್ಪ ಮೇಲ್ಪಟ್ಟು ಮರಳುತ್ತದೆ.

3. 2022-23ಕ್ಕೂ ಮೊದಲೇ ಗೀಸರ್ ಇದ್ದ ಮನೆ: ಗೀಸರ್‌ನ ಬಳಕೆಯೂ ಸರಾಸರಿಯಲ್ಲಿ ಸೇರಿರುತ್ತದೆ. ಚಳಿಗಾಲದಲ್ಲಿಯೂ ಬಿಲ್ಲು ಶೂನ್ಯವಾಗಿ ಬರುತ್ತಿದ್ದರೆ ಜಲತಾಪಕದಿಂದ ಬಿಲ್ಲಿನಲ್ಲಿ ಯಾವ ಉಳಿತಾಯವೂ ಆಗುವುದಿಲ್ಲ. ಆದರೆ ಸರಾಸರಿಯನ್ನು ಇಡೀ ವರ್ಷಕ್ಕೆ ತೆಗೆದಿರುವುದರಿಂದ ಇಂತಹ ಮನೆಗಳಲ್ಲಿಯೂ ಚಳಿಗಾಲದ ಬಿಲ್ಲು ಅರ್ಹ ಪ್ರಮಾಣವನ್ನು ಮೀರಬಹುದು. ಆ ತಿಂಗಳುಗಳ ಬಿಲ್ಲನ್ನು ತೆಗೆದು ನೋಡಬೇಕು.

4. ಅನಿಲದ ಒಲೆಯ ಮೇಲೆ ನೀರು ಕಾಯಿಸುವ ಮನೆ: 5 ತಿಂಗಳಿಗೆ ನಾಲ್ಕಕ್ಕೆ ಸಮೀಪದಷ್ಟು ಸಿಲಿಂಡರ್, ಸುಮಾರು ರೂ. 3,400/- ಉಳಿಯುತ್ತದೆ. 6 ವರ್ಷಗಳಲ್ಲಿ ಹಣ ಮರಳುತ್ತದೆ. ಈ ಉಳಿತಾಯವು ಗೃಹಜ್ಯೋತಿಯ ಮಿತಿಯನ್ನು ಅವಲಂಬಿಸಿಲ್ಲ.

ಮೋಡ ಕವಿದ ದಿನಗಳಲ್ಲಿ ಬೇರೆ ಇಂಧನ ಬೇಕಾಗುವುದರಿಂದ ವಾಸ್ತವದ ಉಳಿತಾಯ ಇದಕ್ಕಿಂತ ಸ್ವಲ್ಪ ಕಡಿಮೆ ಇರುತ್ತದೆ.

ಕಮಲಾಪುರ ಹಾಗೂ ಸುತ್ತಲಿನ ಗ್ರಾಮಗಳಲ್ಲಿ ಹಂಡೆಯ ಒಲೆಗೆ ತೊಗರಿ ಕಟ್ಟಿಗೆ ಉರಿಸುವ ಮನೆಗಳ ಪರಿಸ್ಥಿತಿ ಭಿನ್ನವಾಗಿದೆ. ಸ್ವಂತ ಹೊಲದ ಕಟ್ಟಿಗೆಗೆ ಹಣ ಕೊಡಬೇಕಾಗಿಲ್ಲ. ಆದ್ದರಿಂದ ನಗದು ಉಳಿತಾಯವನ್ನು ನಿರೀಕ್ಷಿಸಿ ಸಾಲ ಮಾಡುವುದು ಸೂಕ್ತವಲ್ಲ. ಇಲ್ಲಿ ದೊರೆಯುವ ಪ್ರಯೋಜನವೆಂದರೆ ಹೊಗೆಯಿಂದ ಬಿಡುಗಡೆ ಹಾಗೂ ಬೆಳಗಿನ ಸಮಯದ ಉಳಿತಾಯ. ಮುಖ್ಯವಾಗಿ ಮನೆಯ ಹೆಣ್ಣುಮಕ್ಕಳಿಗೆ ದೊರೆಯುವ ಈ ಪ್ರಯೋಜನವನ್ನು ರೂಪಾಯಿಯಲ್ಲಿ ಅಳೆಯಲಾಗದಿದ್ದರೂ ಅಲಕ್ಷಿಸುವಂತಿಲ್ಲ.

ಕಟ್ಟಿದ ಮನೆಯಲ್ಲಿ ಅಳವಡಿಸುವಾಗ

ಹಳೆಯ ಮನೆಗಳಲ್ಲಿ ತೊಂದರೆ ಬರುವುದು ಹೆಚ್ಚಾಗಿ ಸಾಧನದಿಂದಲ್ಲ, ನೀರು ಮತ್ತು ಕೊಳವೆಗಳಿಂದ.

(ಅ) ತಣ್ಣೀರಿನ ಟ್ಯಾಂಕಿನ ತಳವು ಜಲತಾಪಕದ ಟ್ಯಾಂಕಿಗಿಂತ ಎತ್ತರದಲ್ಲಿರಬೇಕು. ಮಾಳಿಗೆಯ ಮೇಲೆ ನೇರವಾಗಿ ಟ್ಯಾಂಕ್ ಇಟ್ಟಿರುವ ಮನೆಗಳಲ್ಲಿ ಮೊದಲು ಕಟ್ಟೆ ಅಥವಾ ಕಬ್ಬಿಣದ ಸ್ಟ್ಯಾಂಡ್‌ನ ಖರ್ಚನ್ನು ಸೇರಿಸಿಕೊಳ್ಳಬೇಕು.

(ಆ) ನಗರಕ್ಕೆ ಭೀಮಾ ಹಾಗೂ ಬೆಣ್ಣೆತೊರಾ ನದಿಗಳಿಂದ ನೀರು ಪೂರೈಕೆಯಾಗುತ್ತದೆ. ಕೊಳವೆಬಾವಿಯ ಗಡಸು ನೀರನ್ನು ಬಳಸುವ ಮನೆಗಳಲ್ಲಿ ತಾಮ್ರದ ಕೊಳವೆಗಳ ಚಪ್ಪಟೆ ಫಲಕದೊಳಗೆ ಸುಣ್ಣ ಕಟ್ಟಿಕೊಳ್ಳುತ್ತದೆ. ಅಂತಹ ಕಡೆ ಗಾಜಿನ ನಿರ್ವಾತ ಕೊಳವೆಗಳ ಮಾದರಿಯನ್ನು ಶುಚಿಗೊಳಿಸುವುದು ಸುಲಭ.

(ಇ) ಮುಕ್ಕಾಲು ಇಂಚಿನ ಕೊಳವೆಯ ಪ್ರತಿ ಮೀಟರ್‌ನಲ್ಲಿ ಸುಮಾರು 0.3 ಲೀಟರ್ ನೀರು ನಿಂತಿರುತ್ತದೆ. ಬಚ್ಚಲುಮನೆ 15 ಮೀಟರ್ ದೂರವಿದ್ದರೆ ಬಿಸಿನೀರು ಬರುವ ಮೊದಲು 4ರಿಂದ 5 ಲೀಟರ್ ತಣ್ಣೀರು ಬರುತ್ತದೆ. ಕೊಳವೆಯ ಹಾದಿ ಚಿಕ್ಕದಾಗಿರಬೇಕು. ಬಿಸಿನೀರಿಗೆ ತಕ್ಕ ಕೊಳವೆ ಹಾಕಿ ಶಾಖ ಹೋಗದಂತೆ ಹೊದಿಕೆ ಸುತ್ತಿಸಬೇಕು.

(ಈ) 100 ಲೀಟರ್ ನೀರಿನ ತೂಕವೇ 100 ಕಿಲೋಗ್ರಾಂ. ತಗಡಿನ, ಮಣ್ಣಿನ ಅಥವಾ ಫರ್ಶಿಯ ಮಾಳಿಗೆ ಇದ್ದಲ್ಲಿ ಭಾರವು ಗೋಡೆಯ ಮೇಲೆ ಬೀಳುವಂತೆ ವ್ಯವಸ್ಥೆ ಮಾಡಿಸಬೇಕು.

(ಉ) ಫಲಕವು ದಕ್ಷಿಣಾಭಿಮುಖವಾಗಿದ್ದು ಚಳಿಗಾಲದ ಬಿಸಿಲಿಗೆ ಸುಮಾರು 30 ಡಿಗ್ರಿ ಓರೆಯಾಗಿರಬೇಕು. ನೀರಿನ ಟ್ಯಾಂಕ್, ಪಕ್ಕದ ಮನೆ ಅಥವಾ ಮರದ ನೆರಳು ಬೀಳಬಾರದು.

(ಊ) ಟ್ಯಾಂಕಿನೊಳಗಿನ ವಿದ್ಯುತ್ ಕಾಯಿಲ್‌ನ ಸ್ವಿಚ್ಚನ್ನು ಸದಾ ಹಾಕಿಟ್ಟರೆ ಸೌರಶಕ್ತಿಯ ಹೆಸರಿನಲ್ಲಿ ವಿದ್ಯುತ್ತೇ ವ್ಯಯವಾಗುತ್ತದೆ. ಮೋಡದ ದಿನಗಳಲ್ಲಿ ಮಾತ್ರ ಬಳಸಬೇಕು.

ಅರ್ಜಿದಾರರು ಅನುಸರಿಸಬೇಕಾದ ಕ್ರಮ

1. ಕಳೆದ 12 ತಿಂಗಳ ವಿದ್ಯುತ್ ಬಿಲ್ಲುಗಳನ್ನು ಒಟ್ಟುಗೂಡಿಸಿ, ಪ್ರತಿ ತಿಂಗಳ ಬಳಕೆಯನ್ನು ಗೃಹಜ್ಯೋತಿಯ ಅರ್ಹ ಪ್ರಮಾಣದೊಂದಿಗೆ ಹೋಲಿಸುವುದು.

2. ಮನೆಯ ಸ್ಥಿತಿಯು ಮೇಲಿನ ಯಾವ ಉದಾಹರಣೆಗೆ ಸಮೀಪವಿದೆ ಎಂದು ನೋಡಿ, ನಂತರವೇ ದರಪಟ್ಟಿ ಪಡೆಯುವುದು.

3. ಚಪ್ಪಟೆ ಫಲಕಕ್ಕೆ ಐ.ಎಸ್. 12933, ನಿರ್ವಾತ ಕೊಳವೆ ಮಾದರಿಗೆ ಐ.ಎಸ್. 16544 ಮಾನಕವನ್ನು ಪರಿಶೀಲಿಸಿ, ಖಾತರಿ ಪತ್ರ ಹಾಗೂ ತೆರಿಗೆ ಸಹಿತ ಬಿಲ್ಲು ಪಡೆಯುವುದು.

4. ಜಲತಾಪಕ ಬಳಸುವ ಮನೆಗಳಿಗೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ದರ ಆದೇಶಗಳು ಹಲವು ವರ್ಷಗಳ ಕಾಲ ಯೂನಿಟ್‌ಗೆ 50 ಪೈಸೆ, ತಿಂಗಳಿಗೆ ಗರಿಷ್ಠ ರೂ. 50/- ರಿಯಾಯಿತಿ ನೀಡಿವೆ. ಚಾಲ್ತಿ ವರ್ಷದ ಆದೇಶದಲ್ಲಿನ ಅವಕಾಶವನ್ನು ಜೆಸ್ಕಾಂ ಉಪವಿಭಾಗ ಕಛೇರಿಯಲ್ಲಿ ಆರ್.ಆರ್. ಸಂಖ್ಯೆ ಸಹಿತ ವಿಚಾರಿಸುವುದು.

5. ವಿದ್ಯುತ್ ಉತ್ಪಾದನೆಯ ಸೌರ ಫಲಕ ಬೇಕಾದವರು ಪಿ.ಎಂ. ಸೂರ್ಯಘರ್ ರಾಷ್ಟ್ರೀಯ ಪೋರ್ಟಲ್‌ನಲ್ಲಿ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸಿ, ನೋಂದಾಯಿತ ಮಾರಾಟಗಾರರಿಂದಲೇ ಅಳವಡಿಸಿಕೊಳ್ಳುವುದು.

ಉಪಸಂಹಾರ

ಚಳಿಗಾಲದಲ್ಲಿ 200 ಯೂನಿಟ್ ಮೀರುವ ಮನೆಗಳಿಗೆ ಹಾಗೂ ಅನಿಲದಿಂದ ನೀರು ಕಾಯಿಸುವ ಮನೆಗಳಿಗೆ ಸೌರ ಜಲತಾಪಕವು ಈಗಲೂ ಲಾಭದಾಯಕ. ವರ್ಷವಿಡೀ ಶೂನ್ಯ ಬಿಲ್ಲು ಬರುತ್ತಿರುವ ಮನೆಯವರು ಕೇವಲ ಉಳಿತಾಯದ ಉದ್ದೇಶದಿಂದ ಅವಸರಪಡಬೇಕಾಗಿಲ್ಲ.