‘ಮನೆಯಲ್ಲಿ ಏನಿದೆ?’ ಎಂಬ ಪ್ರಶ್ನೆ

ನಮ್ಮಲ್ಲಿ ‘ನಸೀಬು’ ಎಂಬ ಪದಕ್ಕೆ ಇರುವಷ್ಟು ಕೆಲಸ ಬೇರೆ ಯಾವ ಪದಕ್ಕೂ ಇಲ್ಲ. ಪಿಯುಸಿಯಲ್ಲಿ ಫೇಲಾದರೆ ನಸೀಬು, ವೀಸಾ ಬಾರದಿದ್ದರೆ ನಸೀಬು, ಅಂಗಡಿ ಮುಚ್ಚಿದರೂ ನಸೀಬು. ಪರೀಕ್ಷೆಯ ಹಿಂದಿನ ರಾತ್ರಿ ಎರಡು ಗಂಟೆವರೆಗೆ ಮೊಬೈಲ್ ಹಿಡಿದು ಕೂತದ್ದು ಯಾರು ಎಂದು ಕೇಳಿದರೆ ಮಾತ್ರ ಉತ್ತರ ಇಲ್ಲ. ತಕ್ದೀರ್‌ನಲ್ಲಿ ವಿಶ್ವಾಸವಿಡುವುದು ಈಮಾನಿನ ಭಾಗ, ಮದ್ರಸದ ಸಣ್ಣ ತರಗತಿಯಲ್ಲೇ ಅದನ್ನು ಕಲಿಸುತ್ತೇವೆ. ಆದರೆ ನಾವು ಕಲಿಸುವ ತಕ್ದೀರ್ ಬೇರೆ, ಜಗಲಿಯಲ್ಲಿ ಕೂತು ಹೇಳುವ ತಕ್ದೀರ್ ಬೇರೆ.

ಹಝ್ರತ್ ಉಮರ್(ರ) ಶಾಮ್ ಕಡೆ ಹೊರಟಿದ್ದಾಗ ಅಲ್ಲಿ ಪ್ಲೇಗ್ ಹರಡಿದೆ ಎಂಬ ಸುದ್ದಿ ಬಂತು. ಅವರು ಸಹಾಬಿಗಳೊಂದಿಗೆ ಸಮಾಲೋಚಿಸಿ ವಾಪಸು ಹೋಗಲು ತೀರ್ಮಾನಿಸಿದರು. ಅಲ್ಲಾಹನ ವಿಧಿಯಿಂದ ಓಡುವುದಾ ಎಂದು ಅಬೂ ಉಬೈದಾ(ರ) ಕೇಳಿದಾಗ, ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬ ಅರ್ಥದ ಉತ್ತರ ಕೊಟ್ಟರು. ಒಂಟೆ ಮೇಯಿಸುವವನಿಗೆ ಒಂದು ಕಡೆ ಹಸಿರು, ಇನ್ನೊಂದು ಕಡೆ ಒಣ ನೆಲ ಸಿಕ್ಕಿದರೆ ಎಲ್ಲಿ ಮೇಯಿಸಬೇಕು ಎಂಬುದು ಅವನ ಆಯ್ಕೆ. ಎರಡೂ ವಿಧಿಯೊಳಗೇ ಇವೆ.

ಅಬೂದಾವೂದ್‌ನಲ್ಲಿ ಒಂದು ಘಟನೆ ಇದೆ. ಅನ್ಸಾರಿಯೊಬ್ಬರು ಪ್ರವಾದಿ(ಸ)ರ ಬಳಿ ಬೇಡಲು ಬಂದರು. ಪ್ರವಾದಿ(ಸ) ಕೊಡುತ್ತೇನೆ ಎನ್ನಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಮನೆಯಲ್ಲಿ ಏನಿದೆ ಎಂದು ಕೇಳಿದರು. ಇದ್ದದ್ದು ಒಂದು ದಪ್ಪ ಬಟ್ಟೆ, ಅದನ್ನೇ ಹೊದೆಯುವುದು, ಅದನ್ನೇ ಹಾಸುವುದು. ಮತ್ತೆ ನೀರು ಕುಡಿಯುವ ಒಂದು ಬಟ್ಟಲು. ಎರಡನ್ನೂ ತರಿಸಿ ಸ್ವತಃ ಏಲಂ ಹಾಕಿದರು. ಒಬ್ಬರು ಒಂದು ದಿರ್ಹಮ್ ಎಂದರು, ಹೆಚ್ಚು ಕೊಡುವವರು ಯಾರು ಎಂದು ಮತ್ತೆ ಮತ್ತೆ ಕೇಳಿದಾಗ ಇನ್ನೊಬ್ಬರು ಎರಡು ಕೊಟ್ಟರು. ಒಂದು ದಿರ್ಹಮ್ ಮನೆಯವರ ಊಟಕ್ಕೆ, ಇನ್ನೊಂದು ಕೊಡಲಿಗೆ. ಆ ಕೊಡಲಿಗೆ ಹಿಡಿಯನ್ನು ತಮ್ಮ ಕೈಯಾರೆ ಹಾಕಿಕೊಟ್ಟರು. ಕಟ್ಟಿಗೆ ಕಡಿದು ಮಾರು, 15 ದಿನ ನನ್ನ ಕಣ್ಣಿಗೆ ಬೀಳಬೇಡ ಎಂದರು. ಆ ಮನುಷ್ಯ ಹತ್ತು ದಿರ್ಹಮ್ ಸಂಪಾದಿಸಿ ಬಂದರು.

ಈ ಹದೀಸನ್ನು ಬಡವರ ತಲೆಗೆ ಹೊಡೆಯುವ ಕೋಲಾಗಿ ಬಳಸುವವರೂ ಇದ್ದಾರೆ. ‘ದುಡಿದು ತಿನ್ನಿ’ ಎಂದು ಹೇಳಿ ಕಳಿಸಿದರೆ ಅವರ ಕೆಲಸ ಮುಗಿಯಿತು. ಅಲ್ಲಿ ಮೊದಲ ದಿರ್ಹಮ್ ಊಟಕ್ಕೆ ಹೋಯಿತು ಎಂಬುದನ್ನು ಅವರು ನೋಡುವುದಿಲ್ಲ. ಹಿಡಿ ಹಾಕಿಕೊಡುವ ಕೆಲಸ ಜಮಾಅತಿನದ್ದು, ಹಣವಿದ್ದವರದ್ದು. ಹಾಗೆಂದು ಹಿಡಿ ಹಾಕಿದವರೇ ಕಾಡಿಗೆ ಹೋಗಿ ಕಟ್ಟಿಗೆಯನ್ನೂ ಕಡಿದು ಕೊಡಲು ಆಗುತ್ತದೆಯೇ?

ನಮ್ಮ ಎಷ್ಟೋ ಮನೆಗಳಲ್ಲಿ ಉಮ್ಮಂದಿರು ಮಡಿಲಲ್ಲಿ ಸೂಪು ಇಟ್ಟುಕೊಂಡು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದವರು. ಬಾಪ ಬಂದರಿನಲ್ಲೋ ಮೀನು ಮಾರಿಯೋ ದುಡಿದವರು. ಅವರು ಯಾರ ಮೇಲೂ ದೂರು ಹೇಳಲಿಲ್ಲ. ಆ ಮನೆಯ ಹುಡುಗ ಈಗ ಡಿಗ್ರಿ ಅರ್ಧಕ್ಕೆ ಬಿಟ್ಟು ‘ವೀಸಾ ಬರ್ಲಿಕ್ಕುಂಟು’ ಎಂದು ವರ್ಷಗಟ್ಟಲೆ ಕೂತಿರುತ್ತಾನೆ. ಖರ್ಚಿಗೆ ಅಣ್ಣ ದಮಾಮ್‌ನಿಂದ ಕಳಿಸುತ್ತಾನೆ. ಆದರೆ ಆ ಗಲ್ಫ್ ಕೂಡ ಮೊದಲಿನ ಹಾಗಿಲ್ಲ. ಸೌದಿಯಲ್ಲಿ 2011ರಲ್ಲಿ ನಿತಾಖಾತ್ ಬಂತು, 2017ರಲ್ಲಿ ಕುಟುಂಬದ ಒಬ್ಬೊಬ್ಬರ ಮೇಲೆ ತಿಂಗಳ ಶುಲ್ಕ ಬಂತು. ಎಷ್ಟೋ ಕುಟುಂಬಗಳು ಗಂಟುಮೂಟೆ ಕಟ್ಟಿ ವಾಪಸು ಬಂದವು. ಕೈಯಲ್ಲಿ ಐಟಿಐಯೋ ಎಸಿ ರಿಪೇರಿಯೋ ಇದ್ದವನು ಅಲ್ಲಿಯೂ ಬದುಕುತ್ತಾನೆ, ಊರಿನಲ್ಲಿಯೂ ಬದುಕುತ್ತಾನೆ. ಬರೀ ಪಾಸ್‌ಪೋರ್ಟ್ ಇದ್ದವನು ಕಷ್ಟ.

ಸರಕಾರ ನಮಗೆ ಏನೂ ಕೊಡುವುದಿಲ್ಲ ಎಂಬ ದೂರೂ ಇದೆ. ಅದರಲ್ಲಿ ಸತ್ಯ ಇಲ್ಲವೆಂದಲ್ಲ. ಆದರೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ ಕಲಿಕೆಗೆ ‘ಅರಿವು’ ಸಾಲ, ಸಣ್ಣ ಕಸುಬಿಗೆ ‘ಶ್ರಮಶಕ್ತಿ’ ಸಾಲ ಇದೆ ಎಂದು ಹೇಳಿದರೆ, ಅರ್ಜಿಯ ಕೊನೇ ದಿನ ಮುಗಿದ ಮೇಲೆ ಜಾತಿ-ಆದಾಯ ಪ್ರಮಾಣಪತ್ರ ಎಲ್ಲಿ ಸಿಗುತ್ತದೆ ಎಂದು ಕೇಳುವವರೇ ಹೆಚ್ಚು.

ಇದರಲ್ಲಿ ಹೆತ್ತವರ ಪಾಲೂ ಉಂಟು. ಬೆಳಿಗ್ಗೆ ಮದ್ರಸಕ್ಕೆ ಬರುವ ಹೆಣ್ಣುಮಕ್ಕಳನ್ನು ನೋಡಿ, ಎಷ್ಟೋ ಮಂದಿ ಅಂಗಳ ಗುಡಿಸಿ, ತಮ್ಮನನ್ನೂ ತಯಾರು ಮಾಡಿ ಬಂದಿರುತ್ತಾರೆ. ಹುಡುಗನನ್ನು ಉಮ್ಮನೇ ಎಬ್ಬಿಸಬೇಕು, ತಿಂದ ಬಟ್ಟಲನ್ನೂ ಉಮ್ಮನೇ ಎತ್ತಬೇಕು. ತಡವಾದರೆ ಉಸ್ತಾದರಿಗೆ ಫೋನ್ ಮಾಡಿ ನೆವ ಹೇಳುವುದೂ ಉಮ್ಮನೇ. ದೀನಿನ ಲೆಕ್ಕ ಹೀಗಿಲ್ಲ. ಬಾಲಿಗ್ ಆದ ದಿನದಿಂದ ಅವನ ನಮಾಝ್ ಅವನದೇ, ಖಳಾ ಆದರೆ ವೀಟುವುದೂ ಅವನೇ. ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲ ಎಂದು ಕುರ್‌ಆನ್ ಒಂದಕ್ಕಿಂತ ಹೆಚ್ಚು ಕಡೆ ಹೇಳಿದೆ. ಹದಿನೈದು ವರ್ಷದವನ ಮೇಲೆ ಅಲ್ಲಾಹನು ಇಟ್ಟ ಭಾರವನ್ನು ನಾವು ಇಪ್ಪತ್ತೈದರವರೆಗೆ ಇಳಿಸಿಕೊಡುತ್ತಿದ್ದೇವೆ.

ಪರೀಕ್ಷೆ ಮುಗಿದ ರಜೆಯಲ್ಲಿ ಮಕ್ಕಳನ್ನು ವೈರಿಂಗ್‌ನವರ ಜೊತೆಯೋ ಗ್ಯಾರೇಜಿಗೋ ಒಂದು ತಿಂಗಳು ಕಳಿಸಿ ಎಂದು ಹೆತ್ತವರ ಸಭೆಯಲ್ಲಿ ಹೇಳಿದ್ದೆ. ‘ಬಿಸಿಲಿಗೆ ಮಗ ಬಾಡಿ ಹೋಗ್ತಾನೆ ಉಸ್ತಾದರೇ’ ಎಂದರು ಒಬ್ಬರು. ಅದೇ ಮಗನನ್ನು ರಿಯಾದಿನ ಬಿಸಿಲಿಗೆ ಕಳಿಸಲು ಅವರು ಏಜೆಂಟರಿಗೆ ಮುಂಗಡ ಕೊಟ್ಟಾಗಿದೆ.